ಸಕ್ಕರೆ ಇಲ್ಲದ ಫ್ಲಾಸ್ಕು

"ಸಹಿ ಹಾಕಲ್ಲ ಸರ್," ಎಂದು ಆಕೆ ಕಾಗದವನ್ನು ಪ್ರೊಫೆಸರರ ಕಡೆಗೇ ಸರಿಸಿದಳು. ಅದರಲ್ಲಿದ್ದದ್ದು ಮೂರೇ ಸಾಲು: ತನ್ನ ಅಜಾಗರೂಕತೆಯಿಂದ ಬ್ಯಾಕ್ಟೀರಿಯ ಬೆಳೆಸುವ ಸಾರು ಕೆಟ್ಟಿತು, ಅದರೊಳಗೆ ಬೇರೆ ಯಾವುದೋ ಬ್ಯಾಕ್ಟೀರಿಯ ಸೇರಿಕೊಂಡಿತು, ಇದಕ್ಕೆ ತಾನೇ ಹೊಣೆ. ಸಹಿ ಹಾಕಿದರೆ ಮುಂದಿನ ತಿಂಗಳು ಕೆಲಸ ಇರುವುದಿಲ್ಲ ಎಂಬುದನ್ನು ಬರೆದು ತಿಳಿಸಬೇಕಾಗಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಆ ಪ್ರಯೋಗಾಲಯದ ಬ್ಯಾಕ್ಟೀರಿಯಗಳಿಗೆ ಆಕೆಯದೇ ಅಡುಗೆ. ಅಲ್ಲಿ ಎಲ್ಲರಿಗೂ ಆಕೆ ಅಕ್ಕ. ಪ್ರೊಫೆಸರರು ಸಾಕಿದ ಬ್ಯಾಕ್ಟೀರಿಯ ಕೂತಲ್ಲಿಂದ ಕದಲದ ಜಾತಿ. ಅದರ ಮೈಮೇಲೆ ಈಜುವ ಬಾಲವೇ ಇಲ್ಲ ಎಂದು ಅವರು ಪುಸ್ತಕದಲ್ಲಿ ಬರೆದಿದ್ದರು, ಅವರಿಗೆ ಹೆಸರು ಬಂದದ್ದೂ ಆ ಪುಸ್ತಕದಿಂದಲೇ. ಹೀಗಿರುವಾಗ ಹೋದ ವಾರ ಸಂಶೋಧನೆ ಮಾಡುವ ಹುಡುಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅವು ಶಾಲೆ ಬಿಟ್ಟ ಮಕ್ಕಳ ಹಾಗೆ ಅಡ್ಡಾದಿಡ್ಡಿ ಓಡುತ್ತಿದ್ದವು. ಬಣ್ಣ ಹಾಕಿ ನೋಡಿದಳು. ಒಂದೊಂದಕ್ಕೂ ಐದಾರು ಬಾಲ.

"ನನ್ನ ಬ್ಯಾಕ್ಟೀರಿಯಕ್ಕೆ ಬಾಲ ಇಲ್ಲಮ್ಮ," ಎಂದರು ಪ್ರೊಫೆಸರರು. "ಇದು ಹೊರಗಿಂದ ಬಂದದ್ದು. ನಿಮ್ಮ ಅಡುಗೆಮನೆಯಿಂದ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ಗಂಡ ಆಡಿದ್ದರೆ ಅವನಿಗೆ ಆ ಹೊತ್ತಿನ ಊಟ ಸಿಗುತ್ತಿರಲಿಲ್ಲ.

"ಆ ಸಾರಿನ ಫ್ಲಾಸ್ಕಿಗೆ ಅಂಟಿಸಿದ್ದ ಚೀಟಿ ಓದಿದ್ರಾ ಸರ್?"

"ಏನಿದೆ ಅದರಲ್ಲಿ?"

"ಸಕ್ಕರೆ ಇಲ್ಲ ಅಂತ ಬರೆದಿದ್ದೆ. ಗ್ಲೂಕೋಸ್ ಡಬ್ಬಿ ಖಾಲಿಯಾಗಿತ್ತು, ಹೊಸದು ಬಂದಿರಲಿಲ್ಲ. ಹುಡುಗಿಗೆ ಹೇಳಿಯೇ ಕೊಟ್ಟಿದ್ದೀನಿ."

ಪ್ರತಿ ಫ್ಲಾಸ್ಕಿಗೂ ಒಂದು ಚಮಚ ಗ್ಲೂಕೋಸ್ ಎಂಬುದು ಪ್ರೊಫೆಸರರದೇ ಕಟ್ಟಪ್ಪಣೆ. ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯ ದಟ್ಟವಾಗಿ ಬೆಳೆದಿರಬೇಕು, ಕಾಯುವ ತಾಳ್ಮೆ ಅವರಿಗಿರಲಿಲ್ಲ. ಹಾಗಾಗಿ ಸಕ್ಕರೆಯಿಲ್ಲದ ಸಾರಿನಲ್ಲಿ ಅವನ್ನು ಅವರು ಒಂದು ದಿನವೂ ನೋಡಿರಲಿಲ್ಲ.

"ಒಂದು ಚಮಚ ಸಕ್ಕರೆ ತಪ್ಪಿದರೆ ಬಾಲ ಬಂದುಬಿಡುತ್ತಾ?" ಅವರು ನಕ್ಕರು.

"ಬಾಲ ಕಟ್ಟೋದೂ ಖರ್ಚೇ ಅಲ್ವಾ ಸರ್? ಕೂತಲ್ಲೇ ಊಟ ಸಿಕ್ತಿದ್ರೆ ಯಾರು ಎದ್ದು ಓಡಾಡ್ತಾರೆ? ತಟ್ಟೆ ಖಾಲಿಯಾದ ಮೇಲೆ ತಾನೇ ಕಾಲಿಗೆ ಕೆಲಸ."

ಬಾಗಿಲ ಬಳಿ ನಿಂತಿದ್ದ ಹುಡುಗಿ ಅವರೆದುರು ಎಂದೂ ಬಾಯಿ ಬಿಟ್ಟವಳಲ್ಲ. "ಇರಬಹುದು ಸರ್," ಎಂದಳು. "ಸಕ್ಕರೆ ಇರೋವರೆಗೂ ಬಾಲದ ಜೀನ್‌ಗಳು ಸುಮ್ಮನೆ ಇರಬಹುದು."

"ನೀನು ಸುಮ್ಮನಿರು."

"ಅವಳನ್ನ ಯಾಕೆ ಗದರ್ತೀರಿ?" ಎಂದಳು ಅಕ್ಕ. "ನಿಮ್ಮ ಫ್ರೀಜರ್ ಬೀಗದ ಕೈ ನಿಮ್ಮ ಹತ್ರಾನೇ ಇದೆ. ನೀವೇ ಬ್ಯಾಕ್ಟೀರಿಯ ತೆಗೀರಿ. ಗ್ಲೂಕೋಸ್ ಹೊಸ ಡಬ್ಬಿ ಈಗ ಬಂದಿದೆ. ಎರಡು ಫ್ಲಾಸ್ಕು, ಒಂದಕ್ಕೆ ಸಕ್ಕರೆ ಹಾಕಿ, ಇನ್ನೊಂದಕ್ಕೆ ಬೇಡ. ನೀವೇ ಕುದಿಸಿ, ನೀವೇ ಮುಚ್ಚಿ. ನಾನು ಮುಟ್ಟೋದೇ ಇಲ್ಲ. ಕೆಟ್ಟಿರೋದು ಯಾರ ಅಡುಗೆ ಅಂತ ನಾಳೆ ನೋಡೋಣ."

ಹುಡುಗಿಯ ಎದುರಿಗೆ ಇಷ್ಟು ಹೇಳಿಸಿಕೊಂಡ ಮೇಲೆ ಹಿಂದೆ ಸರಿಯಲು ಅವರ ಅಭಿಮಾನ ಬಿಡಲಿಲ್ಲ. ಅಂಗಿಯ ತೋಳು ಮಡಚಿ ಕೆಲಸಕ್ಕಿಳಿದರು. ಅಕ್ಕ ಕೈ ಕಟ್ಟಿಕೊಂಡು ನಿಂತಳು. ಅಳತೆಯ ಜಾಡಿ ಎಲ್ಲಿದೆ ಎಂದು ಅವರು ಕೇಳಿದಾಗಲೂ ಬೆರಳು ಎತ್ತಲಿಲ್ಲ, ಕಣ್ಣಿನಲ್ಲೇ ತೋರಿಸಿದಳು.

ಮರುದಿನ ಬೆಳಿಗ್ಗೆ ಪ್ರೊಫೆಸರರು ಮೊದಲು ಸಕ್ಕರೆಯ ಫ್ಲಾಸ್ಕಿನಿಂದ ಒಂದು ಹನಿ ತೆಗೆದು ನೋಡಿದರು. ಕಿಕ್ಕಿರಿದು ತುಂಬಿದ್ದವು, ಒಂದೂ ಕದಲಲಿಲ್ಲ. ಆಮೇಲೆ ಇನ್ನೊಂದರ ಹನಿ. ಬಹಳ ಹೊತ್ತು ಬಗ್ಗಿಯೇ ಇದ್ದರು. ಸೂಕ್ಷ್ಮದರ್ಶಕದ ತಿರುಗಣಿಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಅವರ ಫ್ರೀಜರಿನಿಂದ ಬಂದು ಅವರ ಕೈಯಲ್ಲೇ ಬೆಳೆದವು ಅಲ್ಲಿ ಧಾರಾಳವಾಗಿ ಈಜುತ್ತಿದ್ದವು.

"ಸರಿ," ಎಂದರು ತಲೆ ಎತ್ತದೆ. "ನಿನ್ನೆಯ ಕಾಗದ ಹರಿದು ಹಾಕಿ. ಹೋಗಿ ಕೆಲಸ ನೋಡಿ."

"ಹರಿದರೆ ಸಾಲದು ಸರ್. ನನ್ನ ಸಾರು ಕೆಟ್ಟಿದೆ ಅಂತ ಇಡೀ ವಿಭಾಗಕ್ಕೇ ಸಾರಿಬಿಟ್ರಿ. ಕೆಟ್ಟಿರಲಿಲ್ಲ ಅಂತ ಬರೆದುಕೊಡಿ." ಅಕ್ಕ ಒಂದು ಖಾಲಿ ಹಾಳೆ, ಅದರ ಮೇಲೊಂದು ಪೆನ್ನು ಇಟ್ಟಳು.

ಪ್ರೊಫೆಸರರು ಪೆನ್ನು ನೋಡಿದರು, ಮುಟ್ಟಲಿಲ್ಲ. ಪಕ್ಕದ ಕೋಣೆಯಲ್ಲಿ ಸಾರನ್ನು ಹಬೆಯಲ್ಲಿ ಕುದಿಸುವ ಆಟೋಕ್ಲೇವ್ ಗಂಟೆ ಹೊಡೆಯಿತು. ಹಬೆ ಇಳಿದಿತ್ತು, ಬಂದು ಮುಚ್ಚಳ ತೆಗೆಯಬೇಕಿತ್ತು. ಆ ಗಂಟೆಗೆ ಅಕ್ಕ ಓಡದೆ ಇದ್ದ ದಿನವೇ ಇರಲಿಲ್ಲ. ಗಂಟೆ ಮತ್ತೊಮ್ಮೆ ಹೊಡೆಯಿತು. ಅಕ್ಕ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತಳು.