ಕೆಂಪು ಮೂತಿಯ ಬಳ್ಳಿ

ಬೆಳಿಗ್ಗೆ ಎದ್ದವಳೇ ಅವಳು ದಿನಚರಿ ತೆರೆದು ಬರೆದಳು: ‘ಗಂಡುಬಳ್ಳಿ ಕಿತ್ತೆಯಾ ಅಂತ ಅಪ್ಪ ಫೋನಿನಲ್ಲಿ ಕೇಳಿದಾಗ ಹೂಂ ಅಂದೆ. ಕಿತ್ತಿಲ್ಲ. ಇವತ್ತು ಮಧ್ಯಾಹ್ನ ಅಪ್ಪ ಸಲಿಕೆ ಹಿಡಿಯುವ ಮೊದಲೇ ಅಜ್ಜಿಯ ಬಳ್ಳಿಗೆ ದಾರ ಕಟ್ಟಿ, ಇನ್ನೊಂದನ್ನು ಸದ್ದಿಲ್ಲದೆ ಕಿತ್ತುಬಿಡುತ್ತೇನೆ. ಯಾರಿಗೂ ತಿಳಿಯಬೇಕಾಗಿಲ್ಲ.’ ಬರೆದಾದ ಮೇಲೆ, ಯಾರೋ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೇನೋ ಎಂಬಂತೆ ಪುಟದ ಮೇಲೆ ಅಂಗೈ ಮುಚ್ಚಿಕೊಂಡು ಕೂತಳು. ಎರಡಕ್ಷರವೂ ಇಲ್ಲದ ಒಂದು ಹೂಂ. ಅದನ್ನು ಚಳಿಗಾಲ ಪೂರ್ತಿ ಹೊತ್ತು ತಿರುಗಿದ್ದಾಗಿತ್ತು.

ಹಿತ್ತಲಿನ ಗೋಡೆಗುಂಟ, ಬಿಯರಿಗೆ ಕಹಿ ಕೊಡುವ ಹಾಪ್ಸ್‌ನ ಎರಡು ಬಳ್ಳಿಗಳಿದ್ದವು. ಒಂದು, ಅಜ್ಜಿ ಮದುವೆಯಾಗಿ ಈ ಮನೆಗೆ ಬಂದ ವರ್ಷ ನೆಟ್ಟದ್ದು, ಹೆಣ್ಣು. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ತುಂಬ ಹಸಿರು ಕಾಗದ ಮಡಿಸಿದಂಥ ತೆನೆಗಳು ಜೋಲುತ್ತಿದ್ದವು. ಹೊಸಕಿದರೆ ಬೆರಳಿಗೆ ಹಳದಿ ಪುಡಿ, ಮೂಗಿಗೆ ಕಹಿ ಘಮ. ಅದನ್ನು ಹಾಕಿಯೇ ಅಪ್ಪ ವರ್ಷಕ್ಕೊಂದು ಪೀಪಾಯಿ ಬಿಯರ್ ಕಾಯಿಸುತ್ತಿದ್ದ. ಉಳಿದದ್ದನ್ನು ಅಜ್ಜಿ ಒಣಗಿಸಿ ತನ್ನ ತಂಗಿಯ ದಿಂಬಿಗೆ ತುಂಬುತ್ತಿದ್ದಳು, ನಿದ್ದೆ ಬರಲೆಂದು. ಇನ್ನೊಂದು ತಾನಾಗಿ ಹುಟ್ಟಿದ್ದು, ಗಂಡು. ಗಂಡಿಗೆ ತೆನೆ ಬಿಡುವುದಿಲ್ಲ. ಅದರ ಹೂವಿನ ಪುಡಿ ಹಾರಿ ಬಿದ್ದರೆ ಹೆಣ್ಣಿನ ತೆನೆಗಳಲ್ಲೂ ಬೀಜ ತುಂಬಿಕೊಂಡು ಘಮವೆಲ್ಲ ಕೆಡುತ್ತದೆ. “ತಾನೂ ದುಡಿಯಲ್ಲ, ದುಡಿಯೋರನ್ನೂ ಬಿಡಲ್ಲ, ನಮ್ಮ ಅಳಿಯನ ಹಾಗೆ” ಎಂದು ಅಜ್ಜಿ, ಸೋದರತ್ತೆಯ ಗಂಡ ಎದುರಿಗಿದ್ದಾಗಲೇ ಹೇಳುತ್ತಿದ್ದಳು.

ಎಲೆ ಉದುರುವ ಕಾಲದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. “ಈ ಸಲ ಅದನ್ನ ಬೇರುಸಮೇತ ಕಿತ್ತುಹಾಕು ಮಗಾ” ಎಂದು ಮೊಮ್ಮಗಳಿಗೆ ಒಪ್ಪಿಸಿದಳು. ಅವಳು ಸಲಿಕೆ ತಗೊಂಡು ಹೋಗಿ ನಿಂತಾಗ ಕಿಟಕಿಯಿಂದ ಅಜ್ಜಿಯ ಕೆಮ್ಮು ಕೇಳಿಸಿತು. ಸಲಿಕೆ ಬಿಸಾಡಿ ಒಳಗೆ ಓಡಿದವಳು ಮತ್ತೆ ಹಿತ್ತಲಿಗೆ ಹೋಗಲಿಲ್ಲ. ಮೂರನೆಯ ದಿನ ಅಜ್ಜಿ ಹೋದಳು. ಮಣ್ಣು ಮಾಡಿ ಮತ್ತೆ ಲಾರಿ ಹತ್ತಿದ ಅಪ್ಪ, ದಾರಿಯಲ್ಲೆಲ್ಲೋ ನಿಲ್ಲಿಸಿ ಫೋನು ಮಾಡಿ ಕೇಳಿದ್ದೇ ಆ ಪ್ರಶ್ನೆ.

ಚಳಿಯಲ್ಲಿ ಗೋಡೆ ಬಿತ್ತು. ಒಂದು ಮಾರು ಒಳಗೆ ಹೊಸದು ಕಟ್ಟಿದರು. ಕಂಬಗಳು ಹೋದವು, ಮಣ್ಣು ಆಚೀಚೆಯಾಯಿತು, ನೆಲಮಟ್ಟಕ್ಕೆ ಕತ್ತರಿಸಿದ ಬಳ್ಳಿಗಳ ಗುರುತೇ ಉಳಿಯಲಿಲ್ಲ. ಈಗ ಸೋಮವಾರ ಚರಂಡಿಯ ಕೊಳವೆ ಹೂಳುವವರು ಅಲ್ಲೇ ಅಗೆಯುತ್ತಾರೆ. ಅಷ್ಟರೊಳಗೆ ಅಜ್ಜಿಯ ಬಳ್ಳಿಯನ್ನು ಬುಡಸಮೇತ ಎತ್ತಿ, ಆರು ಪಾಲು ಮಾಡಿ, ಒಂದನ್ನು ಮನೆಯ ಮುಂದೆ ನೆಟ್ಟು, ಉಳಿದದ್ದನ್ನು ಬಂಧುಗಳಿಗೆ ಕೊಡುವುದೆಂದು ಅಪ್ಪ ಎರಡು ದಿನದ ರಜೆ ಹಾಕಿ ಬಂದಿದ್ದ.

ಮೊಳಕೆಯ ಹೊತ್ತಿನಲ್ಲಿ ಅವೆರಡನ್ನು ಬೇರೆ ಮಾಡಿ ಹೇಳಬಲ್ಲವಳು ಈಗ ಅವಳೊಬ್ಬಳೇ. ಗಂಡಿನ ಮೊಳಕೆ ಬಿಳಿಚು ಹಸಿರು. ಅಜ್ಜಿಯ ಬಳ್ಳಿಯದು ನೇರಳೆ ಬೆರೆತ ಕೆಂಪು. “ಬಂದ್ಲು ನೋಡು ಶೀತ ಆದೋಳು, ಮೂತಿ ಕೆಂಪಗೆ ಮಾಡ್ಕೊಂಡು” ಎಂದು ಅಜ್ಜಿ ಪ್ರತಿ ವರ್ಷ ಅವಳನ್ನು ಕೂಗಿ ತೋರಿಸುತ್ತಿದ್ದಳು. ನಾಲ್ಕು ವರ್ಷದ ಕೆಂಪು ಮೂತಿಗಳು ದಿನಚರಿಯಲ್ಲಿ ಬಣ್ಣದ ಪೆನ್ಸಿಲಿನ ಚಿತ್ರಗಳಾಗಿವೆ.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆಯೆಂದು ಅವಳು ಕೆಲಸದ ಅರ್ಜಿಗೆ ಬೇಕಾದ ಪ್ರಮಾಣಪತ್ರಗಳ ಜೆರಾಕ್ಸಿಗೆ ಹೋದಳು. ಅಂಗಡಿಯ ಯಂತ್ರ ಕಾಗದ ಕಚ್ಚಿಕೊಂಡು ಕೂತಿತು. ಅಂಗಡಿಯವನು ಅದರ ಹೊಟ್ಟೆ ತೆರೆದು, ಊದಿ, ತಟ್ಟಿ, ಬೈದು ಸರಿಮಾಡುವಷ್ಟರಲ್ಲಿ ಹನ್ನೊಂದಾಯಿತು. “ಇನ್ನೊಂದು ಪ್ರತಿ ಬೇಕಾಮ್ಮಾ?” ಎಂದ. ಬೇಡ ಎನ್ನಲು ನಾಚಿಕೆಯಾಗಿ ಅದಕ್ಕೂ ಕಾದಳು.

ಮನೆಯ ಗೇಟಿನಲ್ಲೇ ಕಾಲು ನಿಂತುಹೋಯಿತು. ಮೆಟ್ಟಿಲ ಮೇಲೆ ಆರು ಕುಂಡಗಳು, ಆಗತಾನೆ ನೀರು ಹಾಕಿದ್ದು.

“ಬಂದ್ಲಪ್ಪ ಪದವೀಧರೆ!” ಎಂದಳು ಸೋದರತ್ತೆ, ಕೈಯ ಮಣ್ಣು ಕೊಡವುತ್ತ. “ಎಲ್ಲಾ ಕೆಲಸ ಮುಗಿಯೋದನ್ನ ಮೂಲೇಲಿ ನಿಂತು ನೋಡ್ತಾ ಇದ್ಯೇನೆ?”

“ಚಿಕ್ಕಮ್ಮ ಬೆಳಿಗ್ಗೇನೇ ಬಂದು ಕೂತ್ಬಿಟ್ರು. ಸರಿ, ಮುಗಿಸಿಬಿಡೋಣ ಅಂತ ಹಚ್ಕೊಂಡೆ” ಎಂದ ಅಪ್ಪ, ಅಜ್ಜಿಯ ತಂಗಿಯತ್ತ ಕೈ ತೋರಿಸಿ. ಮುಖವೆಲ್ಲ ಬೆವರು, ಮುಖವೆಲ್ಲ ನಗು. “ಎಂಥಾ ಬುಡ ಅಂತೀಯ! ಒಂದು ಕೊಳೆತ ಬೇರಿಲ್ಲ. ಅಮ್ಮ ಗಟ್ಟಿಗಿತ್ತಿ ಬಿಡು.”

ಅವಳು ಬಗ್ಗಿ ನೋಡಿದಳು. ಮೊದಲ ಕುಂಡ, ಹಸಿರು ಮೊಳಕೆ. ಎರಡನೆಯದು, ಹಸಿರು. ಮೂರನೆಯದರಲ್ಲಿ ಎರಡಿದ್ದವು, ಎರಡೂ ಬಿಳಿಚು ಹಸಿರು. ಆರನೆಯ ಕುಂಡದವರೆಗೂ ನೋಡುವ ಧೈರ್ಯ ಬರಲಿಲ್ಲ. ಜೆರಾಕ್ಸಿನ ಹಾಳೆಗಳು ಕೈಯಿಂದ ಜಾರಿ ಒದ್ದೆ ಮೆಟ್ಟಿಲಿಗೆ ಅಂಟಿಕೊಂಡವು.

“ಇನ್ನೊಂದು...” ಎಂದಳು.

“ಗಂಡುಬಳ್ಳಿನಾ?” ಎಂದ ಅಪ್ಪ. “ನೀನು ಕಿತ್ತದ್ದು ಪೂರ್ತಿ ಹೋಗಿರ್ಲಿಲ್ಲ ಕಣೇ. ಮಣ್ಣು ಸಮ ಮಾಡೋವಾಗ ಸಿಕ್ತು, ನಡುವೆ ಕೊಳೆತು ಟೊಳ್ಳಾದ ಬೊಡ್ಡೆ. ಆದರೂ ಸುತ್ತ ಚಿಗುರ್ತಿದೆ ನಾಚಿಕೆಗೆಟ್ಟದ್ದು! ಕೊಡಲಿ ತಗೊಂಡು ಚೂರು ಚೂರು ಮಾಡಿ ಚೀಲಕ್ಕೆ ತುಂಬಿದೆ.”

ನಡುವೆ ಕೊಳೆಯುವುದು ಹಳೆಯ ಬುಡ. ಐವತ್ತು ವರ್ಷದ ಬುಡ.

ಮೆಟ್ಟಿಲ ಕೊನೆಯಲ್ಲಿ ಅಜ್ಜಿಯ ತಂಗಿ ಕೂತಿದ್ದಳು. ಮಡಿಲಲ್ಲಿ ಆರನೆಯ ಕುಂಡ. “ದಿಂಬು ಸಪ್ಪೆ ಆದಾಗಿನಿಂದ ನಿದ್ದೆ ಅನ್ನೋದೇ ಇಲ್ಲ ಮಗಾ” ಎಂದು, ಹಸಿರು ಮೊಳಕೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಸವರಿದಳು. “ಅಂತೂ ನಮ್ಮಕ್ಕ ನನ್ ಮನೆಗೆ ಬರ್ತಿದಾಳೆ. ಬದುಕಿರೋವಾಗ ಒಂದ್ ದಿನ ಬಂದು ಉಳಿದೋಳಲ್ಲ.”

ಎಲ್ಲರೂ ನಕ್ಕರು.

ಚೀಲ ಗೇಟಿನ ಬಳಿ ಇತ್ತು. ಅವಳು ಹೋಗಿ ಅದರ ಬಾಯಿ ಬಿಚ್ಚಿದಳು. ಕೆಂಪು. ಒಂದು ಚೂರಿನಲ್ಲಿ ಎರಡು ಮೂತಿ, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ಕೊಡಲಿಯ ಏಟಿಗೆ ಅರ್ಧ ಸೀಳಿಹೋದದ್ದು. ಗೇಣುದ್ದದ ಬೇರು, ಎರಡು ಮೊಳಕೆ ಇದ್ದರೆ ಸಾಕು, ಹಾಪ್ಸ್ ಬದುಕುತ್ತದೆ. ಬೇರು ಒಣಗಬಾರದು, ಅಷ್ಟೆ. ಸಿಟ್ಟಿನಿಂದ ಕೊಚ್ಚಿದ ಅಪ್ಪ ತನಗೆ ತಿಳಿಯದೆಯೇ ಅಜ್ಜಿಯ ಬಳ್ಳಿಯನ್ನು ಪಾಲು ಮಾಡಿದ್ದ. ಬೆರಳಿಗೆ ತಾಗಿದ ಬೇರು ಇನ್ನೂ ತಣ್ಣಗಿತ್ತು.

ಬೀದಿಯ ತಿರುವಿನಲ್ಲಿ ಕಸದ ಗಾಡಿಯ ಗಂಟೆ ಕೇಳಿಸಿತು.

ಸುಮ್ಮನಿದ್ದರೂ ಆಗುತ್ತಿತ್ತು. ಹೊಸದಾಗಿ ನೆಟ್ಟ ಬಳ್ಳಿ ಮೊದಲ ವರ್ಷ ಹೂ ಬಿಡುವುದೇ ಅಪರೂಪ. ಎರಡು ವರ್ಷ ಯಾರಿಗೂ ತಿಳಿಯದು. ಆಮೇಲೂ ಆರು ಮನೆಗಳಲ್ಲಿ ಒಬ್ಬೊಬ್ಬರಾಗಿ, ತೆನೆಯಿಲ್ಲದ ಬಳ್ಳಿ ನೋಡಿ, ತಮ್ಮ ಮಣ್ಣನ್ನೇ ಬೈದುಕೊಂಡಾರು. ಮುದುಕಿಗೆ ಎರಡು ವರ್ಷ ಇದೆಯೋ ಇಲ್ಲವೋ. ಈ ಲೆಕ್ಕ ತನ್ನ ತಲೆಯೊಳಗೆ ಇಷ್ಟು ಸಲೀಸಾಗಿ ಓಡುತ್ತಿದೆಯಲ್ಲ ಎಂದು ಅವಳೇ ಬೆಚ್ಚಿದಳು.

“ಏನೇ ಅದು, ಕಸದ ಮುಂದೆ ಕೂತ್ಕೊಂಡು? ಕೈ ತೊಳ್ಕೊಂಡು ಬಾ, ಕಾಫಿ ಆರೋಗತ್ತೆ!” ಸೋದರತ್ತೆ ಕೂಗಿದಳು.

ಗಾಡಿ ನಿಂತಿತು. ಗಾಡಿಯ ಹೆಂಗಸು ಇಳಿದು, ಕೈಗವಸಿನ ಕೈಯಲ್ಲಿ ಚೀಲದ ಒಂದು ಮೂಲೆ ಹಿಡಿದು ಎಳೆದಳು. ಚೀಲ ಬರಲಿಲ್ಲ. ಇನ್ನೊಂದು ಮೂಲೆ ಮೊಮ್ಮಗಳ ಮುಷ್ಟಿಯಲ್ಲಿತ್ತು.

“ಬಿಡಮ್ಮಾ. ಇನ್ನೂ ಎರಡು ಬೀದಿ ಇದೆ ನನಗೆ.”

ಬಿಡಲಿಲ್ಲ. ಹೆಂಗಸು ಇನ್ನೊಮ್ಮೆ ಎಳೆದಳು, ಚೀಲದ ಹೊಲಿಗೆ ಪರ್‍ರೆಂದು ಬಿಚ್ಚಿ ಎರಡು ಚೂರು ಕಲ್ಲಿನ ಮೇಲೆ ಉರುಳಿದವು. ಅಪ್ಪ ಲೋಟ ಕೆಳಗಿಟ್ಟು ಎದ್ದು ಬಂದ.

“ಯಾಕೆ ಮಗಳೇ? ಏನಾಯ್ತು?”

ಇಂಥ ಹೊತ್ತಿನಲ್ಲಿ ಅವಳು ಯಾವತ್ತೂ ಮಾಡುತ್ತಿದ್ದುದು ತಲೆಯಾಡಿಸಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಬರೆಯುವುದು. ಕಾಲು ಆಗಲೇ ಆ ಕಡೆ ತಿರುಗಿತ್ತು. ಮುಷ್ಟಿ ಮಾತ್ರ ಚೀಲ ಬಿಟ್ಟಿರಲಿಲ್ಲ. ಅವಳು ಉರುಳಿದ ಚೂರನ್ನು ಎತ್ತಿ ಅಪ್ಪನ ಅಂಗೈಯಲ್ಲಿಟ್ಟಳು, ಕೆಂಪು ಮೂತಿ ಮೇಲೆ ಬರುವಂತೆ. ಆಮೇಲೆ, ಮೆಟ್ಟಿಲ ತುದಿಯಲ್ಲಿದ್ದ ಮುದುಕಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

“ನಾನು ಗಂಡುಬಳ್ಳಿ ಕಿತ್ತೇ ಇರ್ಲಿಲ್ಲ ಅಪ್ಪ, ನಿನಗೆ ಸುಳ್ಳು ಹೇಳಿದ್ದೆ. ಅಜ್ಜಿ ಬಳ್ಳಿ ಈ ಚೀಲದಲ್ಲಿದೆ.”