ಕದ ಮೇಷ್ಟ್ರ ಸ್ಲೇಟುಗಳು

ಆ ಪ್ರೌಢಶಾಲೆಯಲ್ಲಿ ಹದಿನಾಲ್ಕು ತರಗತಿ ಕೋಣೆಗಳಿದ್ದವು. ಹದಿಮೂರರ ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ವರಾಂಡದ ಕೊನೆಯ ಕೋಣೆಯೊಂದು ಮಾತ್ರ, ಗಣಿತದ ಮೇಷ್ಟ್ರು ಒಳಗೆ ಕಾಲಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅವರಿಗೆ 'ಕದ ಮೇಷ್ಟ್ರು' ಎಂಬ ಹೆಸರು ಬಿದ್ದು ಎಷ್ಟೋ ವರ್ಷಗಳಾಗಿದ್ದವು. ನಿವೃತ್ತಿಗೆ ಇನ್ನು ಎರಡೇ ವರ್ಷ ಉಳಿದಿದ್ದುದರಿಂದ ಯಾರೂ ಆ ಕದವನ್ನು ತಟ್ಟುವ ಗೋಜಿಗೆ ಹೋಗುತ್ತಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ಬಂದು ಆರು ತಿಂಗಳಾಗಿತ್ತು. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಆಳು ಮಾತ್ರ ಐದಡಿಗೆ ಒಂದಿಂಚು ಕಡಿಮೆ. ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ಎಂಟನೇ ತರಗತಿಯ ಮೂರನೇ ಒಂದು ಪಾಲು ಮಕ್ಕಳು ನಪಾಸಾದಾಗ ಆಡಳಿತ ಮಂಡಳಿಯ ಅಧ್ಯಕ್ಷರು ಬಂದು, ಕುರ್ಚಿಯ ತುದಿಯಲ್ಲಿ ಕೂತು, ಜೇಬಿನಿಂದ ಇಪ್ಪತ್ತೆರಡು ಹೆಸರುಗಳ ಪಟ್ಟಿ ತೆಗೆದು, "ಮೇಡಂ, ಫೇಲಾದೋರನ್ನೆಲ್ಲ ಸೋಸಿ ಬೇರೆ ಸೆಕ್ಷನ್ ಮಾಡಿಬಿಡಿ. ಉಳಿದೋರಾದ್ರೂ ಚೆನ್ನಾಗಿ ಓದ್ಲಿ" ಎಂದರು.

ಚೀಲ ಹೆಗಲಿಗೇರಿಸಿಕೊಂಡು ತಲೆತಗ್ಗಿಸಿ ಇನ್ನೊಂದು ಕೋಣೆಗೆ ನಡೆಯುವ ಇಪ್ಪತ್ತೆರಡು ಮಕ್ಕಳು ದೊಡ್ಡ ಮೇಡಂ ಕಣ್ಣಿಗೆ ಕಟ್ಟಿದಂತಾಯಿತು. "ಎರಡು ತಿಂಗಳು ಕೊಡಿ ಸರ್. ಆಮೇಲೆ ನೀವೇ ಬಂದು ತರಗತೀಲಿ ಕೂತು ನೋಡಿ. ಆಗ್ಲೂ ಸೋಸಬೇಕು ಅನ್ಸಿದ್ರೆ ಸೋಸೋಣ" ಎಂದರು.

ಅಂಕಪಟ್ಟಿಯಲ್ಲಿ ಅವರಿಗೆ ಒಂದು ವಿಷಯ ಕಂಡಿತ್ತು. ಬೇರೆಲ್ಲ ವಿಷಯಗಳಲ್ಲಿ ಮುಗ್ಗರಿಸಿದ ಮಕ್ಕಳೂ ಗಣಿತದಲ್ಲಿ ಹೇಗೋ ದಡ ಸೇರಿದ್ದರು. ಆ ಮುಚ್ಚಿದ ಕದದ ಹಿಂದೆ ಏನೋ ನಡೆಯುತ್ತಿದೆ. ಅದೇನೆಂದು ತಿಳಿದರೆ ಉಳಿದ ಹದಿಮೂರು ಕೋಣೆಗಳಿಗೂ ಹಂಚಬಹುದು.

ಶಿಕ್ಷಕರ ಕೋಣೆಯಲ್ಲಿ ಅವರು ವಿಷಯ ತೆಗೆದರು. ವಾರಕ್ಕೊಮ್ಮೆ ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು, ನೋಡಬೇಕು, ಕಲಿಯಬೇಕು.

"ಅಂದ್ರೆ ಗೂಢಚಾರಿಕೆ" ಎಂದರು ಇಂಗ್ಲಿಷ್ ಟೀಚರ್, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ.

"ಪಾಪ, ನಿಮ್ಮ ಪಾಠ ಕದಿಯೋಕೆ ಯಾರು ಬರ್ತಾರೆ ಬಿಡಿ" ಎಂದು ಡ್ರಿಲ್ ಮೇಷ್ಟ್ರು ನಕ್ಕರು.

ಅಷ್ಟರಲ್ಲಿ ಚಹಾ ತಂದ ಶಾಲೆಯ ಆಯಾ ಕದ ಮೇಷ್ಟ್ರ ಬಲಕ್ಕೆ ಸುತ್ತಿ ಬಂದು, ಮೇಜಿನ ಮೇಲೆ ಎರಡು ಸಲ ಬೆರಳು ಕುಟ್ಟಿ, ಲೋಟ ಇಟ್ಟಳು. ಮೇಷ್ಟ್ರು ತಲೆಯೆತ್ತಿದರು. "ನನ್ನ ಕ್ಲಾಸೊಂದು ಬಿಟ್ಟುಬಿಡಿ ಮೇಡಂ" ಎಂದಷ್ಟೇ ಹೇಳಿ ಲೋಟ ಕೈಗೆತ್ತಿಕೊಂಡರು. ಹಿರಿಯರೇ ಒಲ್ಲೆನೆಂದ ಮೇಲೆ ಉಳಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ನೆಪ ಸಿಕ್ಕಿತು.

ಮನೆಯಲ್ಲಿ ದೊಡ್ಡ ಮೇಡಂ ಮುಖ ಊದಿಸಿಕೊಂಡು ಬಟ್ಟೆ ಮಡಚುತ್ತಿದ್ದರು. ಅತ್ತೆ ಎದುರಿಗೆ ಕೂತು ಕಾಲುಚೀಲಗಳ ಜೋಡಿ ಹುಡುಕುತ್ತಿದ್ದರು. ಎಲ್ಲ ಕೇಳಿಸಿಕೊಂಡು ಅತ್ತೆ ಹೇಳಿದರು:

"ನಾನು ಈ ಮನೆಗೆ ಬಂದ ಹೊಸತರಲ್ಲಿ ನಮ್ಮತ್ತೆ ಒಲೆ ಹತ್ರ ಯಾರನ್ನೂ ಸೇರಿಸ್ತಿರ್ಲಿಲ್ಲ ಕಣಮ್ಮ. ನಾನು ಒಂದಿನ ಸಾರು ಸೀಯಿಸಿ, 'ಬನ್ನಿ ಅತ್ತೆ, ಏನಾಯ್ತು ನೋಡಿ' ಅಂತ ಕರೆದೆ. ಆಮೇಲೆ ನೋಡು, ಎಲ್ಲಾ ಹೇಳಿಕೊಟ್ರು."

"ಅಂದ್ರೆ ನಾನು ಸೀಯಿಸ್ಬೇಕಾ?"

"ನಿನಗೆ ಅದು ಕಷ್ಟವೇನಲ್ವಲ್ಲ" ಎಂದು ಅತ್ತೆ ಎರಡು ಬೇರೆ ಬೇರೆ ಬಣ್ಣದ ಕಾಲುಚೀಲಗಳನ್ನು ಜೋಡಿ ಮಾಡಿ ಮಡಚಿಟ್ಟರು.

ಮರುದಿನ ದೊಡ್ಡ ಮೇಡಂ ಕದ ಮೇಷ್ಟ್ರ ಎದುರು ನಿಂತರು. "ಸರ್, ನನ್ನ ವಿಜ್ಞಾನದಲ್ಲಿ ಇಪ್ಪತ್ತು ಮಕ್ಕಳು ಫೇಲು. ಎಲ್ಲಿ ತಪ್ತಿದೀನೋ ಗೊತ್ತಾಗ್ತಿಲ್ಲ. ಬಂದು ನೋಡ್ತೀರಾ?"

ಮೇಷ್ಟ್ರು ಅವರ ಮುಖವನ್ನು ತುಸು ಹೊತ್ತು ನೋಡಿ, ಹೂಂ ಎಂದರು.

ಅವರು ಹಿಂದಿನ ಬೆಂಚಿನಲ್ಲಿ, ಕಿಟಕಿ ಪಕ್ಕದ ಹುಡುಗಿಯ ಜೊತೆ ಕೂತರು. ಎರಡು ಜಡೆಯ, ಬಾಯಿಬಿಡದ ಆ ಹುಡುಗಿಯ ಹೆಸರು ಅಧ್ಯಕ್ಷರ ಸೋಸುವ ಪಟ್ಟಿಯಲ್ಲಿ ಮೊದಲನೆಯದು. ಪಾಠ ಮುಗಿದ ಮೇಲೆ ಮೇಷ್ಟ್ರು ವರಾಂಡದಲ್ಲಿ ಚೀಟಿ ತೆಗೆದರು.

"ಹನ್ನೊಂದು ಪ್ರಶ್ನೆ ಕೇಳಿದ್ರಿ. ಕೈ ಎತ್ತಿದ್ದು ಅದೇ ಮೂರು ಜನ. ಕೇಳಿ ಎರಡು ಸೆಕೆಂಡ್ ಆಗೋದ್ರಲ್ಲಿ ಅವರ ಕಡೆ ತಿರುಗಿಬಿಡ್ತೀರಿ. ನನ್ನ ಪಕ್ಕದ ಮಗು ನಾಲ್ಕು ಸಲ ನೋಟ್‌ಬುಕ್ಕಿನ ಅಂಚಲ್ಲಿ ಉತ್ತರ ಬರೀತು. ನಾಲ್ಕೂ ಸಲ ಅಳಿಸ್ತು. ಮೂರು ಸರಿಯಾಗಿತ್ತು ಮೇಡಂ."

ದೊಡ್ಡ ಮೇಡಂ ಬಾಗಿಲಿನಿಂದ ಆ ಬೆಂಚಿನತ್ತ ತಿರುಗಿ ನೋಡಿದರು. ಇಪ್ಪತ್ತಾರು ವರ್ಷ ಪಾಠ ಮಾಡಿದ್ದರು. ಆ ಅಂಚನ್ನು ನೋಡಿರಲಿಲ್ಲ.

"ನೀವೇನು ಮಾಡ್ತೀರಿ ಸರ್?"

ಮೇಷ್ಟ್ರು ಚೀಟಿಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. "ನಾಳೆ ಮೂರನೇ ಪೀರಿಯಡ್ ಬನ್ನಿ. ಒಬ್ಬರೇ ಬನ್ನಿ."

ಕದ ಮುಚ್ಚಿದ ಕೋಣೆಯಲ್ಲಿ ದೊಡ್ಡ ಮೇಡಂ ಕಂಡದ್ದು ಸ್ಲೇಟುಗಳು. ಪುಟ್ಟ ಮಕ್ಕಳು ಅಕ್ಷರ ತಿದ್ದುವಂಥ, ಮರದ ಚೌಕಟ್ಟಿನ ಕಪ್ಪು ಸ್ಲೇಟುಗಳು, ಹದಿಮೂರು ತುಂಬಿದ ಮಕ್ಕಳ ಕೈಯಲ್ಲಿ! ಮೇಷ್ಟ್ರು ಹಲಗೆಯ ಮೇಲೆ ಒಂದು ಲೆಕ್ಕ ಬರೆದು ಕೈಕಟ್ಟಿ ನಿಂತರು. ಬಳಪದ ಕಿರಕಿರ ಬಿಟ್ಟರೆ ಬೇರೆ ಸದ್ದಿಲ್ಲ. ಅವರು ಕೈ ಎತ್ತಿದಾಗ ಅಷ್ಟೂ ಸ್ಲೇಟುಗಳು ಒಟ್ಟಿಗೆ ಮೇಲೆದ್ದವು. ಮೇಷ್ಟ್ರ ಕಣ್ಣು ಸಾಲುಸಾಲಾಗಿ ಓಡಿತು. ತಪ್ಪಾದ ಕಡೆ ಹೋಗಿ ಬಗ್ಗಿ, ಬೆರಳಿನಿಂದ ಒಂದು ಅಂಕಿಯನ್ನು ತೋರಿಸಿ, ಮುಂದೆ ಹೋದರು. ಬೈಗುಳವಿಲ್ಲ, ಶಹಭಾಸ್ ಇಲ್ಲ. ಕಿಟಕಿ ಪಕ್ಕದ ಹುಡುಗಿಯ ಸ್ಲೇಟು ಎಲ್ಲರಿಗಿಂತ ಎತ್ತರದಲ್ಲಿತ್ತು.

ಪೀರಿಯಡ್ ಮುಗಿದ ಗಂಟೆ ಹೊಡೆಯಿತು. ಮೇಷ್ಟ್ರು ಬರೆಯುತ್ತಲೇ ಇದ್ದರು. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, ದಿನಾ ಮಾಡುವ ಕೆಲಸವೆಂಬಂತೆ, ಸ್ಲೇಟಿನಲ್ಲಿ 'ಗಂಟೆ ಆಯ್ತು ಸರ್' ಎಂದು ಬರೆದು, ಅವರು ತಿರುಗುವವರೆಗೂ ಹಿಡಿದು ಕೂತಳು.

ದೊಡ್ಡ ಮೇಡಂಗೆ ಎಲ್ಲವೂ ಅರ್ಥವಾಯಿತು.

ಮಕ್ಕಳು ಹೋದ ಮೇಲೆ ಮೇಷ್ಟ್ರು ಸ್ಲೇಟುಗಳನ್ನು ಬೀರುವಿಗೆ ಜೋಡಿಸುತ್ತಾ ಹೇಳಿದರು. "ಎಡಗಿವಿ ಪೂರ್ತಿ ಹೋಗಿ ಹತ್ತು ವರ್ಷ ಆಯ್ತು. ಬಲಗಿವಿ ಅಲ್ಪಸ್ವಲ್ಪ. ಎದುರಿಗಿದ್ರೆ ತುಟಿ ನೋಡಿ ನಿಭಾಯಿಸ್ತೀನಿ. ವರಾಂಡದ ಗಲಾಟೆ ಸೇರಿದ್ರೆ ಅದೂ ಇಲ್ಲ. ಮಕ್ಕಳ ಉತ್ತರ ಕೇಳ್ಸಲ್ಲ, ಅದಕ್ಕೇ ಸ್ಲೇಟು. ಗೊತ್ತಾದ್ರೆ ಅಯ್ಯೋ ಪಾಪ ಅಂತ ಲೈಬ್ರರೀಲಿ ಕೂರಿಸ್ತಾರೆ ಮೇಡಂ. ಇನ್ನೆರಡು ವರ್ಷ... ಪಾಠ ಮಾಡ್ಕೊಂಡೇ ಹೋಗ್ಬೇಕು ಅಂತ ಆಸೆ."

"ನಿಮ್ಮ ಕಿವಿ ವಿಚಾರ ನನ್ನ ಬಾಯಿಂದ ಹೊರಗೆ ಬರಲ್ಲ" ಎಂದರು ದೊಡ್ಡ ಮೇಡಂ. "ಆದ್ರೆ ಸ್ಲೇಟು ಮಾತ್ರ ನನಗೆ ಬೇಕು ಸರ್. ಎಲ್ಲಾ ಕೋಣೆಗೂ ಬೇಕು."

ಮೇಷ್ಟ್ರು ಬೀರುವಿನ ಬೀಗ ಹಾಕಲಿಲ್ಲ. ಕೀಲಿಕೈಯನ್ನು ಅದರಲ್ಲೇ ಬಿಟ್ಟು ಹೊರಟರು.

ಶುಕ್ರವಾರ ಶಿಕ್ಷಕರ ಕೋಣೆಯಲ್ಲಿ ದೊಡ್ಡ ಮೇಡಂ ಸ್ಲೇಟಿನ ವಿಚಾರ ಹೇಳಿದರು. "ಇದ್ಯಾರ ತಲೆಗೆ ಹೊಳೀತು?" ಎಂದು ಇಂಗ್ಲಿಷ್ ಟೀಚರ್ ಕೇಳಿದರು. ದೊಡ್ಡ ಮೇಡಂ ತಡವರಿಸುತ್ತಿದ್ದಂತೆ ಕದ ಮೇಷ್ಟ್ರು ಎದ್ದು ನಿಂತರು.

"ನನ್ನದು. ನನಗೆ ಕಿವಿ ಕೇಳಲ್ಲ."

ಡ್ರಿಲ್ ಮೇಷ್ಟ್ರು ಎದ್ದು ಬಂದು, ಅವರ ಎದುರು ನಿಂತು, ತುಟಿಯನ್ನು ಬಿಡಿಬಿಡಿಯಾಗಿ ಆಡಿಸಿ ಹೇಳಿದರು: "ಅದು ಗೊತ್ತಿರೋದೇ ಸರ್. ಸ್ಲೇಟಿನ ಗುಟ್ಟು ಮಾತ್ರ ಇಷ್ಟು ವರ್ಷ ಮುಚ್ಚಿಟ್ರಲ್ಲ, ಅದಕ್ಕೆ ಬೇಜಾರು."

"ಗೊತ್ತಾ?" ಎಂದರು ಕದ ಮೇಷ್ಟ್ರು.

"ಮತ್ತೆ ನಾನ್ಯಾಕೆ ದಿನಾ ಮೇಜು ಕುಟ್ತೀನಿ ಅಂದ್ಕೊಂಡ್ರಿ?" ಎಂದಳು ಆಯಾ.

ದೊಡ್ಡ ಮೇಡಂಗೆ ಆಗ ಹೊಳೆಯಿತು: ಆ ಕೋಣೆಯಲ್ಲಿ ಮೇಷ್ಟ್ರ ಎಡಗಡೆಯ ಕುರ್ಚಿಯಲ್ಲಿ ಯಾರೂ ಕೂತದ್ದನ್ನು ಅವರು ಕಂಡೇ ಇರಲಿಲ್ಲ.

ಎರಡು ತಿಂಗಳಾದ ಮೇಲೆ, ದೊಡ್ಡ ಮೇಡಂ ಹೇಳಿದಂತೆಯೇ, ಅಧ್ಯಕ್ಷರು ಅವರ ವಿಜ್ಞಾನದ ತರಗತಿಗೆ ಬಂದರು. ಜಾಗ ಖಾಲಿಯಿದ್ದದ್ದು ಕಿಟಕಿ ಪಕ್ಕದ ಹಿಂದಿನ ಬೆಂಚಿನಲ್ಲಿ, ಎರಡು ಜಡೆಯ ಹುಡುಗಿಯ ಪಕ್ಕ. ಯಾರೋ ಅವರಿಗೂ ಒಂದು ಸ್ಲೇಟು ಕೊಟ್ಟರು.

"ಕಬ್ಬಿಣದ ಮೊಳೆ ಮುಳುಗುತ್ತೆ, ಕಬ್ಬಿಣದ ಹಡಗು ತೇಲುತ್ತೆ. ಯಾಕೆ?" ಎಂದು ಕೇಳಿ ದೊಡ್ಡ ಮೇಡಂ ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದರು. ಹದಿನೈದಕ್ಕೆ ನಾಲಿಗೆ ತುರಿಸಿತು. ತಡೆದುಕೊಂಡರು. ಕೈ ಎತ್ತಿದರು. ಸ್ಲೇಟುಗಳೆದ್ದವು. ಎರಡು ಜಡೆಯ ಹುಡುಗಿ ಅಳಿಸಿರಲಿಲ್ಲ: 'ಹಡಗಿನ ಒಳಗೆ ಖಾಲಿ ಜಾಗ ಇದೆ. ಮೊಳೆ ಒಳಗೆ ಇಲ್ಲ.'

ಅಧ್ಯಕ್ಷರು ತಮ್ಮ ಸ್ಲೇಟನ್ನು ಇನ್ನೂ ಎತ್ತಿರಲಿಲ್ಲ. ಅದರಲ್ಲಿ 'ಹಡಗಿಗೆ ಇಂಜಿನ್ ಇದೆ' ಎಂದಿತ್ತು. ದೊಡ್ಡ ಮೇಡಂ ಆ ಸಾಲಿಗೆ ಬರುವಷ್ಟರಲ್ಲಿ ಹುಡುಗಿ ಅತ್ತಿತ್ತ ನೋಡಿ, ತನ್ನ ಅಂಗಿಯ ತೋಳಿನಿಂದ ಅದನ್ನು ಮೆಲ್ಲಗೆ ಒರೆಸಿ, "ಇನ್ನೊಂದ್ಸಲ ಬರೀರಿ ಸರ್, ಮೇಡಂ ಕಾಯ್ತಾರೆ" ಎಂದು ಪಿಸುಗುಟ್ಟಿದಳು.

ಅಧ್ಯಕ್ಷರು ಮತ್ತೆ ಬಳಪ ಹಿಡಿದರು. ಆಮೇಲೆ ಜೇಬಿನಿಂದ ಸೋಸುವ ಪಟ್ಟಿ ತೆಗೆದು, ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಬೆಂಚಿನ ಕಾಲಿನ ಕೆಳಗೆ ಸಿಕ್ಕಿಸಿದರು.