ಜಗ್ಗಿ ನೋಡದ ಬೀಗ

ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ ನೋಡುವುದು ನನ್ನ ಅತ್ತೆ ಲಲಿತಾಂಬ ಅವರ ಅಭ್ಯಾಸವಾಗಿತ್ತು. ಬೀದಿಗಿಳಿದ ಮೇಲೂ ಒಮ್ಮೊಮ್ಮೆ ಹಿಂದಿರುಗಿ ಹೋಗಿ ಜಗ್ಗುತ್ತಿದ್ದರು. ಕಂಪ್ಯೂಟರಿನಲ್ಲಿ ಮೇಲ್ ಬರೆಯುವುದನ್ನು ಅವರಿಗೆ ಕಲಿಸಿದವಳು ನಾನೇ. ಪರದೆಯ ಮೇಲ್ತುದಿಯಲ್ಲಿ ಕಾಣುವ ಪುಟ್ಟ ಬೀಗದ ಚಿತ್ರವನ್ನು ತೋರಿಸಿ, "ಇದಿದ್ರೆ ನೀವು ಬರೆದದ್ದು ನಡುವೆ ಯಾರ ಕಣ್ಣಿಗೂ ಬೀಳಲ್ಲ ಅತ್ತೆ" ಎಂದಿದ್ದೆ. ಅವರು ಬೆರಳ ತುದಿಯಿಂದ ಅದನ್ನು ಮುಟ್ಟಿದರು.

"ಇದನ್ನ ಜಗ್ಗೋದು ಹ್ಯಾಗೆ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಆಮೇಲೆ ಅವರು ದಿನವೂ ಬರೆಯತೊಡಗಿದರು. ಹಿಂದೆ ಶಿಕ್ಷಕಿಯರ ತರಬೇತಿ ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿ ವಾರಿಜ ಅವರಿಗೆ ಎಂದಷ್ಟೇ ನನಗೆ ಗೊತ್ತಿತ್ತು. ನಾನು ಆ ಕೋಣೆಗೆ ಕಾಲಿಟ್ಟರೆ ಪರದೆ ಮೆಲ್ಲಗೆ ಗೋಡೆಯ ಕಡೆ ತಿರುಗುತ್ತಿತ್ತು. ಆ ತಿರುಗುವಿಕೆ ನನ್ನನ್ನು ಚುಚ್ಚುತ್ತಿತ್ತು. ನನ್ನ ಮೇಲಿನ ದೂರುಗಳೇ ಇರಬೇಕು, ಇನ್ನೇನು ಬರೆಯುತ್ತಾರೆ ಎಂದುಕೊಳ್ಳುತ್ತಿದ್ದೆ. ಸಾರಿಗೆ ಉಪ್ಪು ಹಾಕುವಾಗಲೂ ಅದು ಆ ದಿನದ ಮೇಲ್‌ನಲ್ಲಿ ಸೇರುತ್ತದೇನೋ ಎಂದು ಕೈ ತಡೆಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಅತ್ತೆ ಚಟ್ನಿಯ ಪಾತ್ರೆ ಹಿಡಿದು ಮೇಜಿನ ಬಳಿ ನಿಂತಿದ್ದರು. ನನ್ನ ಗಂಡ ಗಿರಿಧರ ಕಾಲೇಜೊಂದರ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವರು. ಆ ವಾರವೆಲ್ಲ ಅವರಿಗೆ ಒಂದೇ ಧ್ಯಾನ.

"ಊಟ ಆದ್ಮೇಲೆ ಮನೆ ಕಂಪ್ಯೂಟರ್‌ಗೂ ಅಪ್‌ಡೇಟ್ ಹಾಕ್ಬೇಕು. ಇಷ್ಟು ದಿನ ನಾವೆಲ್ಲ ಬಾಗಿಲು ತೆಗೆದಿಟ್ಕೊಂಡೇ ಕೂತಿದ್ವಿ" ಎಂದರು.

"ಯಾವ ಬಾಗಿಲು?" ಅತ್ತೆ ಕೇಳಿದರು.

"ನಾವು ಬ್ಯಾಂಕಿಗೋ ಮೇಲ್‌ಗೋ ಹೋದ್ರೆ, ಆ ಕಡೆಯವರು 'ನಾನೇ ಇಂಥವನು' ಅಂತ ಒಂದು ಪ್ರಮಾಣಪತ್ರ ತೋರಿಸ್ತಾರಮ್ಮ. ಅದರ ಮೇಲಿರೋ ಸಹಿ ನಿಜಾನಾ ಅಂತ ನಮ್ಮ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಮ್ಮು ಪರೀಕ್ಷೆ ಮಾಡ್ಬೇಕು. ಇದು ಮಾಡ್ತಾನೇ ಇರ್ಲಿಲ್ಲ. ಆ ಪ್ರೋಗ್ರಾಂ ಬರೆದವರು ಎಲ್ಲೋ ಒಂದು ಸಾಲು ತಪ್ಪಿದ್ದಾರೆ. ಕಳ್ಳ ಸಹಿ ತೋರಿಸಿದ್ರೂ ಬನ್ನಿ ಬನ್ನಿ ಅಂತ ಒಳಗೆ ಬಿಟ್ಕೊಂಡು, ಮೇಲೆ ಬೀಗದ ಚಿತ್ರ ಬೇರೆ ತೋರಿಸ್ತಿತ್ತು."

"ಅಂದ್ರೆ ಬೀಗ ಕಾಣ್ತಿತ್ತು, ಹಾಕಿರ್ಲಿಲ್ಲ."

"ಅಷ್ಟೇ. ನಮ್ಮ ಇಂಟರ್ನೆಟ್ ಸಂಪರ್ಕದಲ್ಲೇ ಇರೋ ತಿಳಿದವನು ನಡುವೆ ಕೂತು ಎಲ್ಲಾ ಓದಬಹುದಿತ್ತು."

"ತಿಳಿದವನು ಅಂದ್ರೆ? ನಿನ್ನಂಥವನಾ?"

"ನನ್ನಂಥವನಿಗೆ ಎಷ್ಟು ಹೊತ್ತಿನ ಕೆಲಸ!" ಎಂದು ಗಿರಿಧರ ಜಂಬದಿಂದ ದೋಸೆ ಮುರಿದರು.

ಅತ್ತೆ ಚಟ್ನಿಯ ಪಾತ್ರೆಯನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದು ಕೂತರು. ಮುಖ ಬಿಳುಚಿಕೊಂಡಿತ್ತು.

"ಸರಿ ಗಿರಿ. ನನ್ನ ಮೇಲ್‌ಗಳನ್ನ ಓದಿದ್ದೀಯ. ಇನ್ನು ಸುತ್ತಿ ಬಳಸಿ ಮಾತಾಡೋದು ಯಾಕೆ? ಹೌದು, ವಾರಿಜನ ಮನೆ ಮೇಲಿನ ಒಂದು ರೂಮನ್ನ ನಾನು ಕೇಳಿದ್ದೀನಿ. ಮುಂದಿನ ತಿಂಗಳು ಹೋಗ್ತೀನಿ. ನನ್ನ ಪೆನ್ಷನ್ ನನಗೆ ಸಾಕು."

ಕಾವಲಿಯ ಮೇಲಿನ ದೋಸೆ ಹೊಗೆಯಾಡತೊಡಗಿತು. ನನಗೆ ಅದನ್ನು ತಿರುವಿ ಹಾಕಲು ಕೈ ಬರಲಿಲ್ಲ.

"ನಾನು ಏನು ತಪ್ಪು ಮಾಡಿದೆ ಅತ್ತೆ?" ಎಂದೆ.

"ನೋಡಿದ್ಯಾ, ಇದಕ್ಕೇ ನಾನು ಬಾಯಿ ಬಿಡ್ಲಿಲ್ಲ. ನಿನ್ನಿಂದ ಏನೂ ಇಲ್ವೇ. ನಾನು ಒಂದು ದಿನ ಎದ್ದು, ಏನೂ ತಿಂಡಿ ಮಾಡದೆ, ಯಾಕೆ ಮಾಡ್ಲಿಲ್ಲ ಅಂತ ಯಾರಿಗೂ ಹೇಳದೆ ಇರ್ಬೇಕು. ಬೇಕಾದಾಗ ಬಾಗಿಲು ಮುಚ್ಕೊಂಡು ಕೂತ್ಕೋಬೇಕು. ಇಲ್ಲಿ ನಾನು ಬಾಗಿಲು ಮುಚ್ಚಿದ್ರೆ ನೀನು ಮಾತ್ರೆ ತಗೊಂಡು ಓಡಿ ಬರ್ತೀಯ."

ಅದು ನಿಜವಾಗಿತ್ತು.

"ಜನ ಏನಂತಾರಮ್ಮ? ಸೊಸೆ ಓಡಿಸಿದ್ಳು ಅಂತಾರೆ" ಎಂದರು ಗಿರಿಧರ.

"ಅಂದವರನ್ನ ನನ್ನ ಹತ್ರ ಕಳಿಸು. ಅದನ್ನೂ ವಾರಿಜನಿಗೆ ಬರೆದಿದ್ದೆನಲ್ಲ, ಓದ್ಲಿಲ್ವಾ?"

"ಅಮ್ಮ, ನಾನು ಏನೂ ಓದಿಲ್ಲ."

"ಏನೂ?"

"ಒಂದಕ್ಷರಾನೂ ಇಲ್ಲ. ಓದಬಹುದಿತ್ತು ಅಂದೆ ಅಷ್ಟೇ."

ಅತ್ತೆ ಮಗನನ್ನು ದಿಟ್ಟಿಸಿದರು, ನನ್ನನ್ನು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ಅಳುತ್ತಿರಲಿಲ್ಲ. "ಅಯ್ಯೋ, ಹೇಳೋದು ಹ್ಯಾಗಪ್ಪಾ ಅಂತ ಮಳೆಗಾಲದಿಂದ ಒದ್ದಾಡ್ತಿದ್ದೀನಿ ಕಣೋ! ಮುಗೀತಲ್ಲ!" ಎನ್ನುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಗಿರಿಧರ ನಗಲಿಲ್ಲ. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿ, ಕಂಪ್ಯೂಟರಿನ ಮುಂದೆ ಕೂತು ಅಪ್‌ಡೇಟ್ ಹಾಕಿದರು. ಪರದೆ ಆರಿ ಮತ್ತೆ ಹೊತ್ತಿಕೊಂಡಿತು. ಬೀಗದ ಚಿತ್ರ ಮೊದಲು ಹೇಗಿತ್ತೋ ಹಾಗೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಹಳ ಹೊತ್ತಿನ ಮೇಲೆ ಅವರು ಅಲ್ಲಿಂದಲೇ ಕೇಳಿದರು: "ಆ ರೂಮಿಗೆ ಗಾಳಿ ಬೆಳಕು ಚೆನ್ನಾಗಿದೆಯಾ ಅಮ್ಮ?"

"ಎರಡು ಕಿಟಕಿ" ಎಂದರು ಅತ್ತೆ.

ಅಂದು ಮಧ್ಯಾಹ್ನ ಪಾತ್ರೆ ತೊಳೆಯುವಾಗ ನನ್ನೊಳಗೆ ಏನೋ ಹಗುರಾಗಿತ್ತು. ಪರದೆ ಗೋಡೆಯ ಕಡೆ ತಿರುಗಿದ್ದು ನನ್ನ ದೂರುಗಳಿಗಾಗಿ ಅಲ್ಲ ಎಂಬುದು ಒಂದು. ಇನ್ನೊಂದನ್ನು ನಾನು ಯಾರಿಗೂ ಹೇಳಲಿಲ್ಲ: ಇನ್ನು ಮುಂದೆ ಸಾರಿಗೆ ಉಪ್ಪು ನನ್ನ ಇಷ್ಟದಂತೆ. ಪಕ್ಕದಲ್ಲಿ ಪಾತ್ರೆ ಒರೆಸುತ್ತಿದ್ದ ಅತ್ತೆಯನ್ನು, "ನಾನೂ ಒಮ್ಮೊಮ್ಮೆ ಬರಬಹುದಾ?" ಎಂದು ಕೇಳಿದೆ.

"ಕೇಳ್ಕೊಂಡು ಬಾ" ಎಂದರು. ಆಮೇಲೆ ನನ್ನ ಒದ್ದೆ ಕೈಯನ್ನು ಒಮ್ಮೆ ಒತ್ತಿದರು.

ಅವರು ಹೋಗಿ ಕೆಲವು ವಾರಗಳಾದ ಮೇಲೆ, ಬರುತ್ತೇವೆಂದು ಹೇಳಿಯೇ ನಾವಿಬ್ಬರೂ ಹೋದೆವು. ಮಹಡಿಯ ಮೆಟ್ಟಿಲು ಹತ್ತಿದರೆ ಬಾಗಿಲು ಮುಚ್ಚಿತ್ತು. ಒಳಗೆ ರೇಡಿಯೊ ಹಾಡುತ್ತಿತ್ತು. ಗಿರಿಧರ ತಟ್ಟಿದರು. ಹಾಡು ನಿಂತಿತು.

"ಯಾರು?"

"ನಾನು."

"ನಾನು ಅಂದ್ರೆ?"

"ಗಿರಿ, ಅಮ್ಮಾ!"

"ಯಾವ ಗಿರಿ? ಪರೀಕ್ಷೆ ಮಾಡ್ದೆ ಒಳಗೆ ಬಿಟ್ಕೊಳ್ಳೋಕಾಗುತ್ತಾ?"

ಗಿರಿಧರ ನನ್ನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವ ಮಗುವಿನಂತೆ ತಮ್ಮ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಹೇಳಿದರು. ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಬಂದು ನಿಂತಿತ್ತು. ಯಾವ ಅವಸರವೂ ಇಲ್ಲದೆ ಅದು ಹಾಗೇ ನಿಂತಿತ್ತು. ಈಚೆ ನಾವು ಕಾಯುತ್ತಿದ್ದೆವು.